ಗೂಡಿನ ಲೋಟ

ಚಿ. ಸುಮಾಗೆ ನಿನ್ನ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರ್ತಾಳೆ, ಬಿಡು. ನಿನ್ನ ಕಾಗದದ ಕೊನೆಗೆ ‘ಮಾವ, ನನ್ನ ಯೋಚನೆ ಯಾವುದೂ ನನ್ನದಲ್ಲವೇನೋ ಅಂತ ಭಯ ಆಗುತ್ತೆ, ನನ್ನ ಸಿಟ್ಟು ಕೂಡ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನೀನು ಹೇಳುವ ಫ್ರೆಂಚ್ ಮಾರ್ಕ್ಸ್‌ವಾದಿ ಚಿಂತಕ ಅಲ್ತೂಸರನ 1970ರ ಪ್ರಬಂಧವನ್ನು ಶಿಬಿರಗಳಿಗೆ ಅಲೆಯುತ್ತಿದ್ದಾಗ ನಾನೂ ಓದಿದ್ದೆ. ಬೀದಿಯಲ್ಲಿ ಪೊಲೀಸಿನವನು ‘ಏಯ್, ನಿನ್ನೇ’ ಅಂತಾನೆ, ಹೋಗುತ್ತಿದ್ದವನು ತಿರುಗುತ್ತಾನೆ, ತಿರುಗಿದ್ದೇ ತಡ ವ್ಯವಸ್ಥೆಯ ಮನುಷ್ಯನಾಗುತ್ತಾನೆ. ಮಂಡಿಯೂರಿ ತುಟಿ ಅಲ್ಲಾಡಿಸು, ನಂಬಿಕೆ ತಾನೇ ಬರುತ್ತೆ ಅನ್ನುವ ಹಳೇ ಫ್ರೆಂಚ್ ತತ್ವಜ್ಞಾನಿ ಪಾಸ್ಕಲನ ಮಾತೂ ಅದರಲ್ಲಿದೆ. ಆಗ ಅದೆಲ್ಲ ಬೇರೆಯವರ ಕತೆ ಅನ್ನಿಸಿತ್ತು. ಭಾಷಣಕ್ಕೆ ಒಳ್ಳೇ ಸರಕು.

ಅದನ್ನು ಓದಿದ ವರ್ಷವೇ ಇರಬೇಕು. ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಎಷ್ಟು ಸೊಪ್ಪು ಹಾಕಿದರೂ ಸಾಲುತ್ತಿರಲಿಲ್ಲ. ನಸುಕಿಗೇ ಸೊಪ್ಪಿನ ಹೊರೆ ಇಳಿಸಿದ ಆಳಿಗೆ ಕಾಫಿ ಕೊಡೋ ಅಂತ ಅವ್ವ ಕೂಗಿದಳು. ಹಿಂದಿನ ಸಂಜೆ ಶಿಡ್ಲಘಟ್ಟದಲ್ಲಿ ಸಮಾನತೆ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಬಂದಿದ್ದೆ. ನನ್ನ ಕೈ ಸೀದಾ ಕೊಟ್ಟಿಗೆ ಗೋಡೆಯ ಗೂಡಿಗೆ ಹೋಯಿತು, ಅಲ್ಲಿದ್ದ ಸೊಟ್ಟ ಲೋಟಕ್ಕೆ. ಆ ಲೋಟದಲ್ಲೇ ಕೊಡು ಅಂತ ಯಾರೂ ಹೇಳಿರಲಿಲ್ಲ. ಅವನು ಕುಡಿದ, ತಾನೇ ತೊಳೆದ, ಗೂಡಿನಲ್ಲಿ ಬೋರಲು ಹಾಕಿ ಹೋದ. ಅವನು ಅಂತ ಬರೆದೆ ನೋಡು. ನನಗಿಂತ ಹತ್ತು ವರ್ಷ ದೊಡ್ಡವರು.

ಮಗುವಿನೊಳಗೆ ಕೂತು ತಪ್ಪು ಒಪ್ಪು ನೋಡುವ ಕಾವಲುಗಾರ, ಆ ಸೂಪರ್ ಈಗೋ, ತಂದೆತಾಯಿಯ ಅಚ್ಚಲ್ಲ, ಅವರೊಳಗೆ ಕೂತಿದ್ದ ಕಾವಲುಗಾರನ ಅಚ್ಚು ಅಂತ ಫ್ರಾಯ್ಡ್ 1933ರಲ್ಲಿ ಬಂದ ಉಪನ್ಯಾಸಗಳಲ್ಲಿ ಹೇಳುತ್ತಾನೆ. ಅವ್ವನಿಗೆ ಆ ಲೋಟ ತೋರಿಸಿದ್ದು ಅವಳ ಅತ್ತೆ. ನಾನು ಹುಟ್ಟುವ ಮೊದಲೇ ಸತ್ತ ಮುದುಕಿ. ಹಾಗಾದರೆ ಆ ಬೆಳಗ್ಗೆ ಲೋಟ ಎತ್ತಿದ ಕೈ ಯಾರದು?

ನಿನ್ನ ಭಯವೂ ಇದೇ ತಾನೇ. ಆದರೆ ನನಗೆ ತಿರುಗಾಮುರುಗಾ ಕಾಣುವುದು ಬೇರೆ. ಸಭೆಯಲ್ಲಿ ಆಡಿದ ಮಾತೆಲ್ಲ ಎರವಲು, ಯಾರೋ ಬರೆದದ್ದು, ಯಾರೋ ಹೇಳಿಕೊಟ್ಟದ್ದು. ಅದು ಸರಿಯಾಗಿತ್ತು. ನನ್ನದು ಅಂದುಕೊಂಡಿದ್ದ ಕೈಯೇ ಕೆಟ್ಟದ್ದು. ನಿನ್ನ ಸಿಟ್ಟು ಎರವಲಾದರೆ ಆಗಲಿ ಬಿಡಮ್ಮ, ಯಾರಿಂದ ತಂದಿದ್ದೀಯ ಅನ್ನುವುದು ಗೊತ್ತಿದ್ದರೆ ಸಾಕು. ಇಷ್ಟು ಹೇಳೋಕೂ ನನಗೆ ಬಾಯಿಲ್ಲ. ಮಾರನೇ ದಿನವೂ ಅದೇ ಲೋಟದಲ್ಲಿ ಕೊಟ್ಟೆ, ಗೊತ್ತಿದ್ದೂ.

ಊಟ ಬಿಟ್ಟು ಓದಬೇಡ. ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕುವವರನ್ನು ಏನಂತ ಕರೀತೀಯ, ಒಂದು ದಿನ ನಿನ್ನ ಮಾತು ನೀನೇ ಕೇಳಿಸ್ಕೊ. ಬೇಡ ಅನ್ನಿಸಿದರೆ ಬಿಡು, ಮುದುಕನ ಮಾತು.

ಆ ಲೋಟದಲ್ಲಿ ಕಾಫಿ ಕುಡಿದವರು ತೀರಿಕೊಂಡು ಬಹಳ ವರ್ಷ ಆಯಿತು. ಮನೆಗೆ ಹೋಗಿ ಒಂದು ಮಾತು ಆಡಲಿಲ್ಲ. ಗೂಡನ್ನು ಗಾರೆ ಹಾಕಿ ಮುಚ್ಚಿಸಿದೆ, ಸುಣ್ಣ ಹೊಡೆದರೂ ಆ ಜಾಗ ಬೇರೆಯಾಗೇ ಕಾಣುತ್ತೆ. ಈ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಬೇಡ. ಆ ಲೋಟಕ್ಕೆ ಮೇಲಿಂದ ಕಾಫಿ ಹುಯ್ಯುತ್ತಿದ್ದವಳು ಅವಳು.

ಇತಿ,
ನಿನ್ನ ಮಾವ