ಜೋಳದ ರೊಟ್ಟಿಯಲ್ಲಿ ಗೋಧಿ, ಸಾರಿನಲ್ಲೂ ಗೋಧಿ: ನಿಮ್ಮ ‘ಗ್ಲುಟನ್ ಫ್ರೀ’ ಊಟದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಗ್ಲುಟನ್ ಇಲ್ಲ ಎಂದು ಹೇಳಿ ಗೋಧಿ ಬೆರೆಸಿದ ಊಟ ಕಳಿಸಿದ್ದು, ಕೇಳಲು ಬಂದಾಗ ನಿಮ್ಮ ಮ್ಯಾನೇಜರ್ ನಡೆದುಕೊಂಡ ರೀತಿ

ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಒಂದು ಸಲ ಇಮೇಲ್ ಬರೆದೆ. ಒಂದು ಸಲ ನಾನೇ ನಿಮ್ಮ ಬಾಗಿಲಿಗೆ ಬಂದೆ. ಇದು ಆರನೆಯದು, ಮತ್ತೆ ಕೇಳಿಕೊಂಡು ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನನಗೆ ಸೀಲಿಯಾಕ್ ಕಾಯಿಲೆ ಇದೆ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದೆ, ಕೊನೆಗೆ 2019ರಲ್ಲಿ ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಗಿ ಗೊತ್ತಾದದ್ದು. ಗೋಧಿ, ಬಾರ್ಲಿಯಂಥ ಧಾನ್ಯದಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದರೆ ನನ್ನ ದೇಹ ನನ್ನ ಕರುಳಿನ ಮೇಲೇ ದಾಳಿ ಮಾಡುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟನ್ ಮುಟ್ಟದೆ ಇರುವುದೊಂದೇ ದಾರಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಫಾರ್ಮಿನಲ್ಲಿ ‘ಆರೋಗ್ಯದ ಕಾರಣ’ ಅಂತ ಒಂದು ಜಾಗ ಇತ್ತು. ಇಷ್ಟನ್ನೂ ಅಲ್ಲಿ ಬರೆದಿದ್ದೆ. ಯಾರೂ ಓದಿಲ್ಲ ಅಂತ ಈಗ ಗೊತ್ತಾಗಿದೆ.

ನನಗೆ ಹೊರಗಿನ ಊಟದ ಚಟ ಇಲ್ಲ. ನಮ್ಮ ಮನೆಯಲ್ಲಿ ಅಡುಗೆ ಅವ್ವನದು. ಅವಳಿಗೆ ಮೊಣಕಾಲಿನ ಆಪರೇಷನ್ ಆಯಿತು. ಆಫೀಸು, ಆಸ್ಪತ್ರೆ, ಅವಳ ವ್ಯಾಯಾಮ ಎಲ್ಲ ಸೇರಿ ನನ್ನ ಕೈಯಲ್ಲಿ ಆಗಲಿಲ್ಲ. ಹಾಗಾಗಿ ಒಂದು ತಿಂಗಳ ಮಟ್ಟಿಗೆ ನಿಮ್ಮ ‘ಗ್ಲುಟನ್ ಫ್ರೀ ದಕ್ಷಿಣ ಭಾರತ ಊಟ’ಕ್ಕೆ ಹಣ ಕಟ್ಟಿದೆ. 24 ಊಟಕ್ಕೆ 4,800 ರೂಪಾಯಿ. ಮಾಮೂಲಿ ಊಟಕ್ಕೆ ನೀವು ತೆಗೆದುಕೊಳ್ಳುವುದು 130. ನನ್ನಿಂದ ಊಟಕ್ಕೆ 70 ರೂಪಾಯಿ ಜಾಸ್ತಿ ತೆಗೆದುಕೊಂಡಿದ್ದು ಯಾವುದಕ್ಕೆ?

ಮೊದಲ ವಾರದಲ್ಲೇ ಬಾಯಿಹುಣ್ಣು ಶುರುವಾಯಿತು. ಹೊಟ್ಟೆ ಉಬ್ಬರ. ಮಧ್ಯಾಹ್ನ ಮೂರಕ್ಕೆಲ್ಲ ತಲೆಗೆ ಮಂಕು ಕವಿದು, ಎದುರಿಗಿರುವ ಲೆಕ್ಕದ ಸಾಲು ಎರಡೆರಡು ಸಲ ಓದಬೇಕಾಗುತ್ತಿತ್ತು. ಅನ್ನ, ಸಾರು, ಪಲ್ಯ, ಮೊಸರು. ಇದರಲ್ಲಿ ಗೋಧಿ ಎಲ್ಲಿಂದ ಬರಬೇಕು ಅಂತ ನನಗೇ ಅನುಮಾನ ಇತ್ತು, ಆದರೂ ಕೆಲವು ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಗೊತ್ತಿದ್ದರಿಂದ, ಫೋನ್ ಮಾಡಿ ಸಾರಿಗೆ ಯಾವ ಇಂಗು ಹಾಕುತ್ತೀರಿ ಅಂತ ಕೇಳಿದೆ. ‘ಒಳ್ಳೇ ಬ್ರ್ಯಾಂಡೇ ಹಾಕ್ತೀವಿ ಮೇಡಂ’ ಅಂದರು. ಎರಡನೇ ಸಲ ಕೇಳಿದಾಗ 11 ನಿಮಿಷ ಲೈನಿನಲ್ಲಿ ಕಾಯಿಸಿ, ‘ನಮ್ಮ ಗ್ಲುಟನ್ ಫ್ರೀ ಅಡುಗೇಲಿ ಗೋಧಿ ಬಳಸೋದೇ ಇಲ್ಲ’ ಅಂದರು. ಮೂರನೇ ಸಲ ‘ಚೆಕ್ ಮಾಡಿ ಹೇಳ್ತೀವಿ’. ಇವತ್ತಿನವರೆಗೂ ಹೇಳಿಲ್ಲ. ಇಮೇಲಿಗೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅನ್ನುವ ತಾನಾಗಿ ಬರುವ ಉತ್ತರ ಬಂತು, ಅಷ್ಟೇ.

ಆಮೇಲೆ ಆ ಗುರುವಾರ. ಡಬ್ಬಿಯಲ್ಲಿ ಅನ್ನದ ಜೊತೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ. ಮೇಲೆ ಒಂದು ಚೀಟಿ, ‘ಗ್ಲುಟನ್ ಫ್ರೀ ಸ್ಪೆಷಲ್’. ನಾವು ಗದಗಿನ ಕಡೆಯವರು. ಜೋಳದ ರೊಟ್ಟಿ ಕಂಡರೆ ನನಗೆ ಎಷ್ಟು ಖುಷಿ ಆಗಿರಬೇಕು ಯೋಚನೆ ಮಾಡಿ. ಮಧ್ಯಾಹ್ನ ಒಂದೂವರೆಗೆ ತಣ್ಣಗಾಗಿದ್ದರೂ ರೊಟ್ಟಿ ಮೆತ್ತಗಿತ್ತು. ನಾಲ್ಕು ಮಡಿಕೆ ಮಾಡಿದರೂ ಅಂಚು ಬಿರಿಯಲಿಲ್ಲ. ಬಿಸಿನೀರಲ್ಲಿ ಕಲಸಿ, ಚೆನ್ನಾಗಿ ನಾದಿ, ಕೈಯಲ್ಲಿ ತಟ್ಟಿದ ರೊಟ್ಟಿ ಆರಿದ ಮೇಲೆ ಹಾಗೆ ಬಾಗುವುದಿಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಚೀಟಿಯ ಮೇಲೆ ಬರೆದಿತ್ತಲ್ಲ, ನಂಬಿದೆ. ಒಂದೂವರೆ ರೊಟ್ಟಿ ತಿಂದೆ. ಹೊಟ್ಟೆ ತುಂಬಿ ಉಳಿದ ಅರ್ಧ ಮನೆಗೆ ತಂದೆ.

ಸಂಜೆ ಐದಕ್ಕೆ ಶುರುವಾಯಿತು. ರಾತ್ರಿ ಎರಡರವರೆಗೆ ಬಚ್ಚಲುಮನೆ ಬಿಟ್ಟು ಬರಲು ಆಗಲಿಲ್ಲ. ನೆಲ ತಣ್ಣಗಿತ್ತು ಅಂತ ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ. ಆಪರೇಷನ್ ಆಗಿ ಇನ್ನೂ ಮೂರು ವಾರ ಆಗದ ನನ್ನ ಅವ್ವ, ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಬಂದು, ‘ಯಾಕಬೇ, ಏನಾತು? ಬಾಗಿಲಾ ತೆಗಿ’ ಅಂತ ಅಳುತ್ತಿದ್ದಳು. ವಾಕರ್ ಟಕ್ ಟಕ್ ಅನ್ನುವುದು ಕೇಳಿಸುತ್ತಿತ್ತು, ಎಲ್ಲಿ ಬೀಳುತ್ತಾಳೋ ಅಂತ ಜೀವ ಹೋಗುತ್ತಿತ್ತು, ಎದ್ದು ಹಿಡಿಯಲು ನನಗೆ ಶಕ್ತಿ ಇರಲಿಲ್ಲ. ಅವಳನ್ನು ನೋಡಿಕೊಳ್ಳಲು ಅಂತ ನಿಮ್ಮ ಊಟ ತರಿಸಿದ್ದೆ. ಕೊನೆಗೆ ಅವಳೇ ನನ್ನನ್ನು ನೋಡಿಕೊಂಡಳು.

ಇಂಥ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ. ಇದು ಅಲರ್ಜಿ ಅಲ್ಲ, ಒಂದು ಇಂಜೆಕ್ಷನ್ ಕೊಟ್ಟು ನಿಲ್ಲಿಸಲು. ಒಳಗೆ ಹೋದದ್ದು ಹೋಯಿತು, ಮೈ ತಾನಾಗಿ ಸುಧಾರಿಸಿಕೊಳ್ಳುವವರೆಗೆ ಕಾಯಬೇಕು. ಓಆರ್‌ಎಸ್ ನೀರು ಚಮಚ ಚಮಚ ಕುಡಿದೆ. ಮರುದಿನ ಉಪ್ಪು ಹಾಕಿದ ಅಕ್ಕಿ ಗಂಜಿ, ಎಳನೀರು. ಕರುಳಿಗೆ ಪೆಟ್ಟು ಬಿದ್ದಾಗ ಹಾಲು ಕೂಡ ಕೆಲವು ದಿನ ಅರಗುವುದಿಲ್ಲ, ಹಾಗಾಗಿ ಕಾಫಿಯೂ ಇಲ್ಲ. ಕೈಕಾಲು ಗಂಟುಗಳ ನೋವು ಈ ಪತ್ರ ಬರೆಯುವಾಗಲೂ ಇದೆ. ಮೂರು ದಿನ ರಜೆ ಹೋಯಿತು.

ಶನಿವಾರ ಬೆಳಿಗ್ಗೆ ಆಟೋ ಹಿಡಿದು ನಿಮ್ಮ ಅಡುಗೆಮನೆಗೆ ಬಂದೆ. ಅಲ್ಲಿ ನಡೆದದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಎರಡು ರಾತ್ರಿ ಅದೇ ತಲೆಯಲ್ಲಿ ಓಡುತ್ತಿದೆ.

ಕೌಂಟರಿನಲ್ಲಿ ನಿಮ್ಮ ಮ್ಯಾನೇಜರ್ ಇದ್ದರು. ಡಬ್ಬಿ ಒಯ್ಯಲು ಐದಾರು ಹುಡುಗರು ನಿಂತಿದ್ದರು, ಹಣ ಕಟ್ಟಲು ಬಂದ ದಂಪತಿ ಇದ್ದರು. ಹಾಗಾಗಿ ನಾನು ಬಗ್ಗಿ ಮೆಲ್ಲಗೆ ಹೇಳಿದೆ, ಗುರುವಾರದ ಊಟದಿಂದ ಹುಷಾರು ತಪ್ಪಿತು ಅಂತ. ಅವರು ಜೋರಾಗಿ, ‘ಏನು, ಲೂಸ್ ಮೋಷನ್ನಾ?’ ಅಂದರು. ಹುಡುಗರೆಲ್ಲ ತಿರುಗಿದರು. ‘ಎಷ್ಟು ಸಲ ಹೋದ್ರಿ?’ ಅದು ಯಾಕೆ ಬೇಕು ಅಂತ ಕೇಳಿದೆ. ‘ಕಂಪ್ಲೇಂಟ್ ಫಾರ್ಮಲ್ಲಿ ಹಾಕ್ಬೇಕು ಮೇಡಂ’. ಎಂಟು ಅಂದೆ. ‘ಎಂಟು’ ಅಂತ ಬಾಯಲ್ಲಿ ಹೇಳುತ್ತಾ ಒಂದೇ ಬೆರಳಲ್ಲಿ ಟೈಪ್ ಮಾಡಿದರು. ‘ವಾಂತಿ?’ ಐದು ಅಂದೆ. ‘ಐದು’. ಒಬ್ಬ ಹುಡುಗ ನಕ್ಕು ಮುಖ ತಿರುಗಿಸಿಕೊಂಡ. ‘ಅವತ್ತು ಹೊರಗಡೆ ಏನಾದ್ರೂ ತಿಂದಿದ್ರಾ? ಪಾನಿಪುರಿ, ಗೀನಿಪುರಿ?’ ಕಾಯಿಲೆ ಗೊತ್ತಾದ ದಿನದಿಂದ ನಾನು ಪಾನಿಪುರಿ ಮುಟ್ಟಿಲ್ಲ ಅಂದೆ. ‘ಹಾಗಾದ್ರೆ ಟೆನ್ಷನ್ ಇರ್ಬೇಕು. ಈ ಗ್ಲುಟನ್ ಗಿಲುಟನ್ ಎಲ್ಲ ಈಗ ಫ್ಯಾಷನ್ ಆಗ್ಬಿಟ್ಟಿದೆ. ನಮ್ಮ ತಾತ ದಿನಾ ಚಪಾತಿ ತಿಂದು ತೊಂಬತ್ತು ವರ್ಷ ಬದುಕಿದ್ರು’.

ನಾನು ಬ್ಯಾಗಿನಿಂದ ಬಯಾಪ್ಸಿ ರಿಪೋರ್ಟ್ ತೆಗೆದೆ. ನಡುಗುವ ಕೈಯಲ್ಲಿ ಅದನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಮುಟ್ಟಲಿಲ್ಲ. ‘ಇದೆಲ್ಲ ನಮಗೆ ಅರ್ಥ ಆಗಲ್ಲ’ ಅಂದರು. ನನ್ನ ಕರುಳಿನ ತುಂಡಿನ ವರದಿ ಅದು. ಅಪರಿಚಿತರ ಮುಂದೆ ಅದನ್ನು ಬಿಚ್ಚಿ ತೋರಿಸಿ, ನಾನು ಸುಳ್ಳು ಹೇಳುತ್ತಿಲ್ಲ ಅಂತ ರುಜುವಾತು ಮಾಡಬೇಕಾಯಿತು. ಊಟಕ್ಕೆ ಹಣ ಕೊಟ್ಟ ತಪ್ಪಿಗೆ.

ಕೊನೆಗೆ ಒಳಗಿನಿಂದ ಅಡುಗೆಯವರೇ ಬಂದರು. ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು ಎಲ್ಲ ಕೇಳಿದರು. ಆಮೇಲೆ ಹೇಳಿದರು, ‘ಬರೀ ಜೋಳದ ಹಿಟ್ಟಾದ್ರೆ ರೊಟ್ಟಿ ನಿಮ್ಮ ಹತ್ರ ಬರೋ ಹೊತ್ತಿಗೆ ಚೂರಾಗುತ್ತಮ್ಮ. ಕೆಜಿಗೆ ಒಂದೆರಡು ಹಿಡಿ ಗೋಧಿ ಹಿಟ್ಟು ಬೆರೆಸ್ತೀವಿ’. ಇಂಗಿನ ಬಗ್ಗೆ ಕೇಳಿದೆ. ಒಳಗೆ ಹೋಗಿ ಡಬ್ಬಿಯನ್ನೇ ತಂದರು. ಮುಚ್ಚಳದ ಸುತ್ತ ಹಳದಿ ಪುಡಿ ಮೆತ್ತಿಕೊಂಡಿತ್ತು. ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಗೋಧಿ ಹಿಟ್ಟು, ಗೋಂದು, ಇಂಗು. ಮೊದಲ ಹೆಸರೇ ಗೋಧಿ. ಅವರು ಕನ್ನಡಕ ಏರಿಸಿ ಓದಿ ಸುಮ್ಮನೆ ನಿಂತುಬಿಟ್ಟರು. ‘ಹೀಗೊಂದು ಕಾಯಿಲೆ ಇದೆ ಅಂತ ನನಗೆ ಯಾರೂ ಹೇಳಿಲ್ಲಮ್ಮ. ತಪ್ಪಾಯ್ತು’ ಅಂದರು. ನಿಮ್ಮ ಇಡೀ ಕಂಪನಿಯಲ್ಲಿ ತಪ್ಪಾಯ್ತು ಅಂದವರು ಅವರೊಬ್ಬರೇ. ತಪ್ಪು ಅವರದ್ದಾಗಿರಲೂ ಇಲ್ಲ. ಈ ಪತ್ರ ಓದಿ ಅವರನ್ನು ಕೆಲಸದಿಂದ ತೆಗೆದರೆ ಅದಕ್ಕೂ ನಾನು ಸುಮ್ಮನಿರುವುದಿಲ್ಲ.

ಮ್ಯಾನೇಜರ್ ಏನು ಮಾಡಿದರು ಗೊತ್ತಾ? ‘ಒಂದು ಚಿಟಿಕೆ ಇಂಗಿಗೆ ಇಷ್ಟೊಂದಾ?’ ಅಂದು, ಮುಂದಿನ ಆರ್ಡರಿಗೆ 100 ರೂಪಾಯಿ ಕೂಪನ್ ಕಳಿಸಿದರು. ನಾನು ಅಲ್ಲಿ ನಿಂತಿರುವಾಗಲೇ ಫೋನಿಗೆ ಮೆಸೇಜ್ ಬಂತು.

ನಿಯಮ ನಿಮಗೆ ಗೊತ್ತೇ ಇರುತ್ತದೆ. ಗ್ಲುಟನ್ ಫ್ರೀ ಅನ್ನಬೇಕಾದರೆ ಒಂದು ಕೆಜಿ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ಹಿಡಿಗಟ್ಟಲೆ ಗೋಧಿ ಹಿಟ್ಟು ಬೆರೆಸಿದ ರೊಟ್ಟಿ ಅದರೊಳಗೆ ಬರುತ್ತದಾ, ನೀವೇ ಲೆಕ್ಕ ಹಾಕಿ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಶುದ್ಧ ಇಂಗಲ್ಲ, ಹಿಟ್ಟು ಮತ್ತು ಗೋಂದು ಬೆರೆಸಿದ ಇಂಗು ಅಂತ ಅಡುಗೆಯ ವ್ಯಾಪಾರ ಮಾಡುವವರಿಗೆ ಗೊತ್ತಿರಬೇಡವಾ? ಅಕ್ಕಿ ಹಿಟ್ಟು ಬೆರೆಸಿದ ಇಂಗು ಬರುತ್ತದೆ, ನಮ್ಮ ಮನೆಯಲ್ಲಿ ಅದೇ ಇರುವುದು. ಡಬ್ಬಿ ತಿರುಗಿಸಿ ಓದಿದ್ದರೆ ಸಾಕಿತ್ತು. ಸುಳ್ಳು ಚೀಟಿ ಅಂಟಿಸಿ ಆಹಾರ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ 3 ಲಕ್ಷದವರೆಗೆ ದಂಡ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಸೆಕ್ಷನ್ನಿನಲ್ಲಿ 10 ಲಕ್ಷದವರೆಗೆ.

ನನಗೆ ಬೇಕಾದದ್ದು ಇಷ್ಟು. 4,800 ರೂಪಾಯಿ ಪೂರ್ತಿ ವಾಪಸ್ ಕೊಡಿ. ‘ಗ್ಲುಟನ್ ಫ್ರೀ’ ಅನ್ನುವ ಆ ಎರಡು ಪದವನ್ನು ನಿಮ್ಮ ಆ್ಯಪಿನಿಂದ ಇವತ್ತೇ ತೆಗೆಯಿರಿ. ನನ್ನ ಹಾಗೆ ಆ ಊಟಕ್ಕೆ ಹಣ ಕಟ್ಟಿದ ಪ್ರತಿಯೊಬ್ಬರಿಗೂ ಫೋನ್ ಮಾಡಿ, ರೊಟ್ಟಿಯಲ್ಲಿ ಮತ್ತು ಸಾರಿನಲ್ಲಿ ಗೋಧಿ ಇತ್ತು ಅಂತ ಹೇಳಿ. ಅವರಲ್ಲಿ ಮಕ್ಕಳಿರಬಹುದು, ಹೊಟ್ಟೆನೋವು ಯಾಕೆ ಅಂತ ಗೊತ್ತಾಗದೆ ಡಾಕ್ಟರಿಂದ ಡಾಕ್ಟರಿಗೆ ಓಡಾಡುತ್ತಿರಬಹುದು. ನನಗೆ ಹಣಕ್ಕಿಂತ ಇದು ಮುಖ್ಯ.

ನಿಮಗೆ 15 ದಿನ ಸಮಯ. ಆಮೇಲೆ ಆಹಾರ ಸುರಕ್ಷತಾ ಅಧಿಕಾರಿಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಹೋಗುತ್ತದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕೆಂದೂ ಇಲ್ಲ. ನಾನೇ ನಿಂತು ಮಾತಾಡುತ್ತೇನೆ. ಎಂಟು ಸಲ, ಐದು ಸಲ ಅಂತ ಇನ್ನೊಮ್ಮೆ ಎಲ್ಲರ ಮುಂದೆ ಹೇಳಬೇಕಾಗಿ ಬಂದರೂ ಹೇಳುತ್ತೇನೆ, ನಾಚಿಕೆ ಶನಿವಾರವೇ ಮುಗಿಯಿತು.

ಆ ಗುರುವಾರದ ಅರ್ಧ ರೊಟ್ಟಿ, ನಿಮ್ಮ ಚೀಟಿಯ ಸಮೇತ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನಮ್ಮ ಫ್ರೀಜರಿನಲ್ಲಿ ಇಟ್ಟಿದ್ದೇನೆ. 16ನೇ ದಿನ ಅದು ಲ್ಯಾಬಿಗೆ ಹೋಗುತ್ತದೆ.

ಇಂತಿ,
ನಿಮ್ಮ ಊಟ ನಂಬಿ ತಿಂದ ಗ್ರಾಹಕಿ
ಬೆಂಗಳೂರು