ಕೂದಲಿಗೆ ಬಣ್ಣ ಹಾಕುವ ಮೊದಲು ನಮಗೆ ಎರಡು ದಿನ ಕೊಡಿ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಸೋಣ ತಿಂಗಳ ಸಂಕ್ರಮಣ ಕಳೆದು, ಆಗಸ್ಟ್ 18ರಿಂದ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಾಕುವ ಕ್ರಮ ಬದಲಾಗುತ್ತದೆ. ಬಂದ ದಿನವೇ ಬಣ್ಣ ಹಾಕಿ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಮೊದಲ ಸಲ ಬರುವವರು, ಶೇಡ್ ಅಥವಾ ಬ್ರಾಂಡ್ ಬದಲಿಸುವವರು, ಒಂದು ವರ್ಷದಿಂದ ನಮ್ಮಲ್ಲಿಗೆ ಬಾರದವರು ಇನ್ನು ಎರಡು ಸಲ ಬರಬೇಕು. ಮೊದಲ ದಿನ ಮಾತು ಮತ್ತು ಪರೀಕ್ಷೆ. ಕಡಿಮೆಯೆಂದರೆ 48 ಗಂಟೆ ಕಳೆದ ಮೇಲೆ ಬಣ್ಣ. ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಪೆರ್ಲದಿಂದಲೋ ಮುಳ್ಳೇರಿಯಾದಿಂದಲೋ ಬಸ್ಸು ಹಿಡಿದು ಬರುವವರಿಗೆ ಇದು ಎರಡು ಪಟ್ಟು ಓಡಾಟ ಎಂದು ನಮಗೆ ಗೊತ್ತು. ಮಂಗಳೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುವ ಹುಡುಗಿಯರಿಗೆ ಶನಿವಾರ ಒಂದೇ ಬಿಡುವು. ಹಾಗಿದ್ದೂ ಈ ಕ್ರಮ ಯಾಕೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಕಾರಣ ನಮ್ಮದೇ ಕೈಯಿಂದ ಆದ ಒಂದು ತಪ್ಪು. ಅದನ್ನು ಮುಚ್ಚಿಟ್ಟು ಬರೀ ನಿಯಮ ಹೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಕಳೆದ ಬೇಸಗೆಯಲ್ಲಿ, ಮದುವೆಗಳ ಗಡಿಬಿಡಿಯ ನಡುವೆ, ಒಂದು ಶುಕ್ರವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಭಾನುವಾರ ಅವಳ ಅಕ್ಕನ ಮದುವೆ. ಸೊಂಟ ಮುಟ್ಟುವ ಕೂದಲು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, ಹೀಗೇ ತಿಳಿ ಕಂದು ಬೇಕು ಎಂದಳು. "ಮೊದಲು ಯಾವತ್ತಾದರೂ ಬಣ್ಣ ಹಾಕಿದ್ದುಂಟಾ?" ಎಂದು ಕೇಳಿದೆ. "ಇಲ್ಲ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ವರ್ಷಗಟ್ಟಲೆ ಅವರ ಮನೆಯಲ್ಲಿ ಅಮ್ಮ, ಮಗಳು ಇಬ್ಬರೂ ತಿಂಗಳಿಗೊಮ್ಮೆ ಪ್ಯಾಕೆಟ್ಟಿನ ಕಪ್ಪು ಮದರಂಗಿ ಕಲಸಿ ಹಚ್ಚಿಕೊಳ್ಳುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಬಣ್ಣವೇ ಅಲ್ಲ, ತಲೆಗೆ ತಂಪು. ಓದಿನ ಪರೀಕ್ಷೆ ಹತ್ತಿರ ಬಂತೆಂದು ನಾಲ್ಕು ತಿಂಗಳಿನಿಂದ ಹಚ್ಚಿರಲಿಲ್ಲ, ಅಷ್ಟೇ. ತಪ್ಪು ಪ್ರಶ್ನೆ ಕೇಳಿದವಳು ನಾನು.

ಬ್ಲೀಚ್ ಪುಡಿಯನ್ನು 9% ಪೆರಾಕ್ಸೈಡ್ ಇರುವ ಡೆವಲಪರ್‌ನಲ್ಲಿ ಕಲಸಿ ಬುಡದಿಂದಲೇ ಶುರು ಮಾಡಿದೆ. ತೊಳೆಯುವಾಗ, ಒದ್ದೆ ಕೂದಲಿನಲ್ಲಿ, ಅಷ್ಟು ಗೊತ್ತಾಗಲಿಲ್ಲ. ಡ್ರೈಯರ್ ಹಿಡಿದು ಕೂದಲು ಒಣಗುತ್ತಾ ಬಂದಂತೆ ಬೈತಲೆಯ ಎರಡೂ ಬದಿ ಹಣ್ಣಡಿಕೆಯ ಬಣ್ಣಕ್ಕೆ ತಿರುಗಿತು. ಸರಿಯಾಗಿ ಎರಡು ಇಂಚು. ಅದರ ಕೆಳಗೆ ಗೆರೆ ಎಳೆದ ಹಾಗೆ ಮಸಿಗಪ್ಪು, ನಡುನಡುವೆ ತುಕ್ಕಿನಂಥ ಪಟ್ಟೆ. ಅವಳು ಕನ್ನಡಿ ನೋಡಲಿಲ್ಲ. ಕೂದಲಿನ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ಆಗ ನಾನು ಎರಡನೆಯ ತಪ್ಪು ಮಾಡಿದೆ, ಅದು ಮೊದಲಿನದಕ್ಕಿಂತ ದೊಡ್ಡದು. ಹೆದರಿ, ಮೇಲಿನಿಂದ ಕೆಳಗಿನವರೆಗೆ ಗಾಢ ಕಂದು ಬಣ್ಣ ಬಳಿದೆ. ಆ ಹೊತ್ತಿಗೆ ಎಲ್ಲ ಮುಚ್ಚಿತು. ಜಡೆ ಹಾಕಿ, ಮಲ್ಲಿಗೆ ಮುಡಿದು ಅವಳು ಮದುವೆಗೇನೋ ಹೋದಳು. ಮೂರು ಸಲ ತಲೆಗೆ ಮಿಂದ ಮೇಲೆ ಬುಡದ ಕಂದು ತೊಳೆದು ಹೋಗಿ ಕಿತ್ತಳೆ ಮತ್ತೆ ಇಣುಕಿತು. ಮೊದಲೇ ಕಪ್ಪಾಗಿದ್ದ ಕೆಳಗಿನ ಕೂದಲು ಇನ್ನಷ್ಟು ಕಪ್ಪಾಯಿತು. ತುದಿಗೆ ಬಾಚಣಿಗೆ ಇಳಿಯದಷ್ಟು ಒರಟು. ಹತ್ತನೆಯ ದಿನ ಅವಳ ಅಮ್ಮ ಜೊತೆಗೆ ಬಂದರು. ಬೈಯಲಿಲ್ಲ. "ಇನ್ನು ಏನು ಮಾಡುವುದು ಹೇಳಿ" ಎಂದಷ್ಟೇ ಕೇಳಿದರು. ಹಣವನ್ನು ಅವತ್ತೇ ಹಿಂದೆ ಕೊಟ್ಟೆವು. ಇದನ್ನು ಬರೆಯುವುದಕ್ಕೆ ಇಬ್ಬರದ್ದೂ ಒಪ್ಪಿಗೆ ಉಂಟು, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಯಾಕೆ ಹೀಗಾಯಿತು ಎಂಬುದು ನಿಮಗೂ ತಿಳಿದಿದ್ದರೆ ಒಳ್ಳೆಯದು. ನಮ್ಮ ಕಪ್ಪು ಕೂದಲನ್ನು ತಿಳಿ ಮಾಡಲು ಹೊರಟರೆ ಅದು ನೇರವಾಗಿ ಕಂದು ಆಗುವುದಿಲ್ಲ. ಕಪ್ಪಿನ ಅಡಿಯಲ್ಲಿ ಕೆಂಪು, ಅದರಡಿಯಲ್ಲಿ ಕಿತ್ತಳೆ, ಆಮೇಲೆ ಹಳದಿ, ಒಂದೊಂದಾಗಿ ಹೊರಗೆ ಬರುತ್ತವೆ. ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದಲ್ಲಿ ಯಾವ ಬಣ್ಣದಿಂದ ಅದನ್ನು ತಗ್ಗಿಸಬೇಕು ಎನ್ನುವುದೇ ನಮ್ಮ ಕೆಲಸ. ಕಿತ್ತಳೆಯನ್ನು ನೀಲಿ ತಗ್ಗಿಸುತ್ತದೆ, ಹಳದಿಯನ್ನು ನೇರಳೆ. ಹಾಗಾಗಿ ಕಿತ್ತಳೆ ಬಂದ ಕೂದಲಿಗೆ ಅಂಗಡಿಯಿಂದ ನೇರಳೆ ಶಾಂಪೂ ತಂದು ಎಷ್ಟು ತಿಕ್ಕಿದರೂ ಫಲವಿಲ್ಲ. ಬುಡದ ಕೂದಲಿಗೆ ನೆತ್ತಿಯ ಬಿಸಿ ತಾಗುವುದರಿಂದ ಮದ್ದು ಅಲ್ಲಿ ಬೇಗ ಕೆಲಸ ಮಾಡುತ್ತದೆ. ಆದ್ದರಿಂದ ಉದ್ದಕ್ಕೆ ಮೊದಲು, ಬುಡಕ್ಕೆ ಕೊನೆಗೆ ಹಚ್ಚಬೇಕು. ನಾನು ತಿರುಗಾ ಮುರುಗಾ ಮಾಡಿದೆ. ಇನ್ನೊಂದು ಮಾತು, ಬಣ್ಣ ಹಾಕಿದ ಕೂದಲನ್ನು ಬಣ್ಣದಿಂದಲೇ ತಿಳಿ ಮಾಡಲು ಆಗುವುದಿಲ್ಲ. ಹಳೆಯ ಕಪ್ಪು ಡೈ ಮೇಲೆ ಕಂದು ಹಾಕಿದರೆ ಕಪ್ಪೇ ಉಳಿಯುತ್ತದೆ, ಹೊಸದಾಗಿ ಬೆಳೆದ ಬುಡ ಮಾತ್ರ ಬದಲಾಗುತ್ತದೆ.

ಇನ್ನು ಮದರಂಗಿಯ ವಿಷಯ. ಹಿತ್ತಿಲಿನ ಗಿಡದ ಎಲೆಯನ್ನು ಅರೆದು ಹಚ್ಚುವ ಮದರಂಗಿಯನ್ನು ನಾವು ದೂರುವುದಿಲ್ಲ. ಅದರ ಲಾಸೋನ್ ಎಂಬ ಅಂಶ ಕೂದಲಿಗೆ ಅಂಟಿಕೊಂಡು ಕೆಂಪು ಕೊಡುತ್ತದೆ, ಸುಲಭದಲ್ಲಿ ಬಿಟ್ಟು ಹೋಗುವುದಿಲ್ಲ. ಆ ಎಲೆಯಿಂದ ಕಪ್ಪು ಬರುವುದಿಲ್ಲ. ಪ್ಯಾಕೆಟ್ಟಿನ ಪುಡಿ ಒಂದೇ ಸಲಕ್ಕೆ ಕಪ್ಪು ಕೊಡುತ್ತದೆ ಎಂದಾದರೆ ಅದರಲ್ಲಿ ಬೇರೇನೋ ಇದೆ, ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್ ಡೈಅಮೈನ್ ಎಂಬ ಡೈಯ ರಾಸಾಯನಿಕ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯಾಗಿ ತುಂಡಾಗುವುದೂ ಉಂಟು. ಇಂಡಿಗೋ ಪುಡಿ ಹಚ್ಚಿದ ಕೂದಲನ್ನು ಬ್ಲೀಚ್ ಮಾಡಿದರೆ ಹಸಿರು ಛಾಯೆ ಬರಬಹುದು.

ನಮ್ಮದು ಏಳು ಭಾಷೆಯ ಊರು. ಒಂದೇ ಸೊಪ್ಪು ಒಂದು ಮನೆಯಲ್ಲಿ ಮದರಂಗಿ, ಇನ್ನೊಂದರಲ್ಲಿ ಮೈಲಾಂಜಿ, ಮತ್ತೊಂದರಲ್ಲಿ ಮೆಹಂದಿ. ಘಟ್ಟದ ಮೇಲಿಂದ ಮದುವೆಯಾಗಿ ಬಂದವರಿಗೆ ಗೋರಂಟಿ. "ಬಣ್ಣ" ಎಂದು ಕೇಳಿದರೆ ಇದರಲ್ಲಿ ಒಂದೂ ಯಾರ ಬಾಯಿಗೂ ಬರುವುದಿಲ್ಲ. ಈಗ ಅಂಗಡಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ, ಕನ್ನಡದಲ್ಲೂ ಮಲಯಾಳದಲ್ಲೂ. ಕಳೆದ ಮೂರು ವರ್ಷಗಳಲ್ಲಿ ತಲೆಗೆ ಏನೇನು ಹಚ್ಚಿದ್ದೀರಿ ಎಂದು ಒಂದೊಂದಾಗಿ ಹೆಸರು ಹೇಳಿಯೇ ಕೇಳುತ್ತೇವೆ. ಮೂರು ವರ್ಷ ಯಾಕೆಂದರೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಬೆನ್ನಿನವರೆಗೆ ಕೂದಲು ಇರುವವರ ತುದಿಯಲ್ಲಿ ಮೂರು ವರ್ಷದ ಹಿಂದಿನ ಡೈ ಇವತ್ತಿಗೂ ಕೂತಿರುತ್ತದೆ. ಸ್ಟ್ರೈಟನಿಂಗ್ ಮಾಡಿಸಿದ್ದು, ಗಲ್ಫಿನಲ್ಲಿ ಇದ್ದಾಗ ಹಾಕಿಸಿದ್ದು, ತಂಗಿಯ ಮೇಲೆ ನೋಡಿ ಆಸೆಯಾಗಿ ಒಂದೇ ಸಲ ಹಚ್ಚಿದ್ದು, ಎಲ್ಲವನ್ನೂ ಹೇಳಿ. ಯಾರನ್ನೂ ತಪ್ಪು ಹಿಡಿಯಲು ಕೇಳುವುದಲ್ಲ.

ನೀರನ್ನೂ ಕೇಳುತ್ತೇವೆ. ಮನೆಯಲ್ಲಿ ಮೀಯುವುದು ಗುಡ್ಡ ಕೊರೆದ ಸುರಂಗದ ನೀರೋ, ತೆರೆದ ಬಾವಿಯದೋ, ಬೋರ್‌ವೆಲ್ಲಿನದೋ? ಬಕೆಟಿನ ತಳದಲ್ಲಿ ಕೆಂಪು ಕಲೆ ಕಟ್ಟುವ ನೀರಿನಲ್ಲಿ ಕಬ್ಬಿಣ ಇರುತ್ತದೆ. ಅದು ತಿಳಿ ಬಣ್ಣದ ಕೂದಲಿಗೆ ಕೂತು ತುಕ್ಕಿನ ಛಾಯೆ ತರುತ್ತದೆ. ಅಂಥವರಿಗೆ ತೀರಾ ತಿಳಿಯಾದ ಶೇಡ್ ನಾವಾಗಿ ಹೇಳುವುದಿಲ್ಲ. ಎರಡು ತಿಂಗಳಲ್ಲಿ ಕೆಡುತ್ತದೆ ಎಂದು ಗೊತ್ತಿದ್ದೂ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ.

ಪರೀಕ್ಷೆ ಎರಡು ಬಗೆ. ಒಂದು ಕೂದಲಿಗೆ: ಕಿವಿಯ ಹಿಂದಿನಿಂದ ಒಂದು ಸಣ್ಣ ಎಳೆ ಕತ್ತರಿಸಿ, ಹಾಕಬೇಕೆಂದಿರುವ ಮದ್ದನ್ನೇ ಅದಕ್ಕೆ ಹಚ್ಚಿ, ತೊಳೆದು, ಒಣಗಿಸಿ, ಅಂಗಡಿಯ ಜಗಲಿಗೆ ತಂದು ಹಗಲು ಬೆಳಕಿನಲ್ಲಿ ನಿಮ್ಮ ಕೈಗೇ ಕೊಡುತ್ತೇವೆ. ಟ್ಯೂಬ್‌ಲೈಟಿನಡಿಯಲ್ಲಿ ಚಂದ ಕಂಡದ್ದು ಹೊರಗೆ ಬೇರೆಯೇ ಕಾಣುತ್ತದೆ, ಮೊಬೈಲಿನ ಫೋಟೋವನ್ನಂತೂ ಪೂರ್ತಿ ನಂಬುವ ಹಾಗಿಲ್ಲ. ಆ ಹುಡುಗಿಯ ಕೂದಲಿನ ಒಂದೇ ಒಂದು ಎಳೆಯನ್ನು ಹೀಗೆ ನೋಡಿದ್ದರೆ ಸಾಕಿತ್ತು.

ಎರಡನೆಯದು ಚರ್ಮಕ್ಕೆ: ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಚೂರು ಹಚ್ಚಿ 48 ಗಂಟೆ ಕಾಯುವುದು. ತುರಿಕೆ, ಉರಿ, ಕೆಂಪು, ಗುಳ್ಳೆ ಯಾವುದಾದರೂ ಬಂದರೆ ಆ ಬಣ್ಣ ನಿಮಗೆ ಇಲ್ಲ. ಹತ್ತು ವರ್ಷದಿಂದ ಅದೇ ಡೈ ಹಾಕುತ್ತಿದ್ದೇನೆ, ಏನೂ ಆಗಿಲ್ಲ ಎಂದು ಹಿರಿಯರು ಹೇಳುತ್ತಾರೆ. ಪಿಪಿಡಿಯ ಅಲರ್ಜಿ ಹನ್ನೊಂದನೆಯ ವರ್ಷವೂ ಶುರುವಾಗಬಹುದು. ಮದುವೆ ಮನೆಯಲ್ಲಿ ಕಪ್ಪು ಮೆಹಂದಿ ಕೋನ್ ಹಚ್ಚಿಸಿ ಕೈ ಗುಳ್ಳೆ ಎದ್ದವರು ಅದನ್ನು ಮರೆಯದೆ ಹೇಳಬೇಕು, ಅವರಿಗೆ ಅಪಾಯ ಹೆಚ್ಚು. "ಅಮೋನಿಯಾ ಇಲ್ಲದ್ದು ಹಾಕಿ, ಆಗ ಭಯವಿಲ್ಲ" ಎನ್ನುವವರಿಗೂ ಇದೇ ಉತ್ತರ. ಅಮೋನಿಯಾ ಇಲ್ಲದ ಬಣ್ಣದಲ್ಲಿ ಅದರ ಬದಲು ಸಾಮಾನ್ಯವಾಗಿ ಎಥನೊಲಮೈನ್ ಇರುತ್ತದೆ, ಪಿಪಿಡಿ ಅದರಲ್ಲೂ ಇರಬಹುದು. ಬಣ್ಣ ಹಾಕಿದ ಮೇಲೆ ಕಣ್ಣಿನ ರೆಪ್ಪೆ ಅಥವಾ ಮುಖ ಬಾತರೆ ನಮಗೆ ಫೋನ್ ಮಾಡುತ್ತಾ ಕೂರಬೇಡಿ. ಚೆನ್ನಾಗಿ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ತಡ ಮಾಡಬೇಡಿ.

ಇಷ್ಟೆಲ್ಲ ಮಾಡಿಯೂ ಬಣ್ಣ ತಪ್ಪಬಹುದು. ಪುಸ್ತಕದಲ್ಲಿ ಬರೆದುಕೊಂಡ ಶೇಡಿಗಿಂತ ಬೇರೆ ಬಂದಿದ್ದರೆ 10 ದಿನದೊಳಗೆ ಹೇಳಿ. ಸರಿಪಡಿಸಲು ದುಡ್ಡು ತೆಗೆದುಕೊಳ್ಳುವುದಿಲ್ಲ. "ಇನ್ನು ನಿಮ್ಮ ಕೈಯಿಂದ ಬೇಡ" ಎಂದರೆ ಕೊಟ್ಟ ಹಣ ಪೂರ್ತಿ ವಾಪಸು. ಯಾವ ಶೇಡ್, ಎಷ್ಟು ಶೇಕಡಾ ಡೆವಲಪರ್, ಎಷ್ಟು ನಿಮಿಷ ಎಂಬ ಚೀಟಿಯನ್ನು ಬಣ್ಣ ಹಾಕಿದ ದಿನವೇ ಪ್ರತಿಯೊಬ್ಬರಿಗೂ ಕೊಡುತ್ತೇವೆ. ನೀವು ಬೇರೆ ಕಡೆ ಹೋದರೆ ಅಲ್ಲಿಯವರು ಊಹೆಯ ಮೇಲೆ ಕೆಲಸ ಮಾಡುವ ಅಗತ್ಯ ಬಾರದಿರಲಿ. ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇವೆ: ತಪ್ಪಿದ ದಿನವೇ, ಅದೇ ತಲೆಗೆ, ಗಾಬರಿಯಲ್ಲಿ ಇನ್ನೊಂದು ಸುತ್ತು ಬ್ಲೀಚ್ ಅಥವಾ ಡೈ ಹಾಕುವುದಿಲ್ಲ. ನಾಳೆ ಮದುವೆ ಇದ್ದರೂ ಇಲ್ಲ. ತೊಳೆದರೆ ಹೋಗುವ ಬಣ್ಣ, ಜಡೆ, ಹೂವು, ಏನು ಬೇಕೋ ಮಾಡಿ ಆ ದಿನವನ್ನು ದಾಟಿಸಿ ಕೊಡುತ್ತೇವೆ.

ಬೇರೆ ಕಡೆ ಕೆಟ್ಟದ್ದನ್ನು ಸರಿಪಡಿಸಿಕೊಳ್ಳಲು ಬರುವವರಿಗೂ ಬಾಗಿಲು ತೆರೆದೇ ಇದೆ. ನೋಡಿ ಹೇಳಲು ದುಡ್ಡು ತೆಗೆದುಕೊಳ್ಳುವುದಿಲ್ಲ, ಕೆಲಸಕ್ಕೆ ತಗಲುವ ಗಂಟೆಯ ಲೆಕ್ಕ ಮೊದಲೇ ಬರೆದು ಕೊಡುತ್ತೇವೆ. ಒಂದೇ ದಿನದಲ್ಲಿ ಮುಗಿಸುತ್ತೇವೆ ಎಂದು ಮಾತು ಕೊಡುವುದಿಲ್ಲ.

ಬಣ್ಣ ತಪ್ಪಿದ ರಾತ್ರಿ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದೂ ನಮಗೆ ಗೊತ್ತು, ಎಷ್ಟೋ ಜನ ಅಳುತ್ತಾ ಹೇಳಿದ್ದಾರೆ. ಲಿಂಬೆಹುಳಿ, ಸೋಡಾಪುಡಿ, ಪಾತ್ರೆ ತೊಳೆಯುವ ಸಾಬೂನು, ಅದರ ಮೇಲೆ ಮತ್ತೆ ಕಪ್ಪು ಮದರಂಗಿ. ದಯವಿಟ್ಟು ಬೇಡ. ಅಷ್ಟೂ ಕೂದಲನ್ನು ಇನ್ನಷ್ಟು ಒರಟು ಮಾಡಿ ನಮ್ಮ ಕೆಲಸವನ್ನು ಎರಡು ತಿಂಗಳು ಹಿಂದಕ್ಕೆ ತಳ್ಳುತ್ತವೆ. ಬೆಳಿಗ್ಗೆ ಅಂಗಳಕ್ಕೆ ಬಂದು ಬೆಳಕಿನಲ್ಲಿ ಬುಡ, ನಡು, ತುದಿ ಮೂರರದ್ದೂ ಫೋಟೋ ತೆಗೆದು ಕಳಿಸಿ. ಬೇಕಾದ್ದಕ್ಕಿಂತ ಕಪ್ಪಾಗಿದ್ದರೆ ಮೊದಲ ಒಂದೆರಡು ದಿನ ಎಣ್ಣೆ ತೆಗೆಯುವ ಕ್ಲ್ಯಾರಿಫೈಯಿಂಗ್ ಶಾಂಪೂವಿನಲ್ಲಿ ತೊಳೆದರೆ ಸ್ವಲ್ಪ ಇಳಿಯಬಹುದು. ಕಿತ್ತಳೆ ಬಂದಿದ್ದರೆ ತೊಳೆಯುವುದನ್ನೇ ಕಡಿಮೆ ಮಾಡಿ. ಮೀಯುವ ಮೊದಲು ತೆಂಗಿನೆಣ್ಣೆ ಹಚ್ಚಿ, ಅದು ಕೂದಲಿನ ಪ್ರೋಟೀನ್ ತೊಳೆದು ಹೋಗುವುದನ್ನು ತಗ್ಗಿಸುತ್ತದೆ. ದಾಸವಾಳದ ಗೊಂಪು, ಅಂದರೆ ಎಲೆಯ ಲೋಳೆ, ಹಚ್ಚುವವರು ಹಚ್ಚಬಹುದು, ಸೀಗೆಯನ್ನು ಸ್ವಲ್ಪ ದಿನ ದೂರ ಇಡಿ.

ಆ ಹುಡುಗಿ ಈಗಲೂ ಮೂರು ವಾರಕ್ಕೊಮ್ಮೆ ಬರುತ್ತಾಳೆ. ಬುಡಕ್ಕೆ ಪೆರಾಕ್ಸೈಡ್ ಇಲ್ಲದ, ನೀಲಿ ಅಂಶದ ಕಂದು ಬಣ್ಣ ಹಚ್ಚುತ್ತೇವೆ. ತುದಿಯಿಂದ ಇಲ್ಲಿಯವರೆಗೆ ಮೂರು ಇಂಚು ಕತ್ತರಿಸಿದ್ದಾಯಿತು. ಮೊನ್ನೆ ಆಟಿ ತಿಂಗಳ ಮಳೆ ಬಿಟ್ಟ ಹೊತ್ತಿನಲ್ಲಿ ಜಗಲಿಯಲ್ಲಿ ನಿಲ್ಲಿಸಿ ನೋಡಿದೆ, ಗೆರೆ ಹುಡುಕಿದರೆ ಮಾತ್ರ ಕಾಣುತ್ತದೆ. ಪೂರ್ತಿ ಹೋಗಲು ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಅವಳ ಖರ್ಚು ನಮ್ಮದು.

ಸೋಣದ ನಂತರ ಮದುವೆ, ಗೃಹಪ್ರವೇಶ ಒಂದರ ಹಿಂದೆ ಒಂದು ಬರುತ್ತವೆ. ಬಣ್ಣ ಬೇಕಾದವರು ಕಾರ್ಯಕ್ರಮಕ್ಕೆ ಎರಡು ವಾರ ಮೊದಲೇ ಮೊದಲನೆಯ ಭೇಟಿ ಮುಗಿಸಿಕೊಳ್ಳಿ. ಮಂಗಳವಾರ ಮತ್ತು ಗುರುವಾರ ಸಂಜೆ 6 ಗಂಟೆಯವರೆಗೆ ಪರೀಕ್ಷೆಗೆಂದೇ ಒಬ್ಬರು ಕೂತಿರುತ್ತಾರೆ. ಬರುವಾಗ ಮನೆಯಲ್ಲಿ ತಲೆಗೆ ಹಚ್ಚುವ ಪುಡಿಯ ಖಾಲಿ ಪ್ಯಾಕೆಟ್ ಇದ್ದರೆ ಜೊತೆಯಲ್ಲಿ ತನ್ನಿ. ಬಿಸಾಡಿದ್ದರೆ ಅಮ್ಮನನ್ನು ಕೇಳಿ ಹೆಸರನ್ನಾದರೂ ಬರೆದುಕೊಂಡು ಬನ್ನಿ.

ಇತಿ ನಿಮ್ಮ,
ಅಂಗಡಿಯ ಮೂವರ ಪರವಾಗಿ