ಕೊಲ್ಲಿಯ ಕಡಲಹುಲ್ಲಿನ ಹಾಸುಗಳನ್ನು ಉಳಿಸಿ ಬೆಳೆಸುವ ಕುರಿತು ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರಾವಳಿ ಪಟ್ಟಣದ ಸ್ಥಳೀಯ ಆಡಳಿತ ಮಂಡಳಿ

ಇವರಿಂದ,
ಕೊಲ್ಲಿಯ ದಡದ ನಿವಾಸಿಗಳು, ಮೀನುಗಾರರು ಮತ್ತು ದೋಣಿ ಮಾಲೀಕರು

ವಿಷಯ: ಕೊಲ್ಲಿ ಅಭಿವೃದ್ಧಿಯ ಕರಡು ಯೋಜನೆಯಿಂದ ಕಡಲಹುಲ್ಲು ತೆರವಿನ ಕಾಮಗಾರಿಯನ್ನು ಕೈಬಿಟ್ಟು, ಇರುವ ಹಾಸುಗಳ ರಕ್ಷಣೆಗೆ ಮೊದಲ ಆದ್ಯತೆ ನೀಡುವಂತೆ ಕೋರಿ ಮನವಿ.

ಮಾನ್ಯರೇ,

ತಾವು ಸಾರ್ವಜನಿಕರ ಆಕ್ಷೇಪಣೆಗಾಗಿ ಪ್ರಕಟಿಸಿರುವ ಕರಡು ಯೋಜನೆಯನ್ನು ನಾವು ಪೂರ್ತಿಯಾಗಿ ಓದಿದ್ದೇವೆ. ಈಜುವವರಿಗೆ ಅನುಕೂಲವಾಗಲೆಂದು ದಡದ ಬಳಿಯ ಕಳೆಯನ್ನು ಯಂತ್ರದಿಂದ ತೆಗೆಸುವ ಪ್ರಸ್ತಾಪ ಅದರಲ್ಲಿದೆ. ಕೆಲವು ಪುಟಗಳ ನಂತರ ಕಡಲಹುಲ್ಲು ನೆಡುವ ಕಾರ್ಯಕ್ರಮಕ್ಕೂ ಹಣ ಮೀಸಲಿಡಲಾಗಿದೆ. ಈ ಎರಡು ಕಡೆ ಹೇಳಿರುವುದು ಒಂದೇ ಗಿಡದ ಬಗ್ಗೆ. ಬದುಕಿರುವ ಹುಲ್ಲನ್ನು ಕೀಳಲು ಒಬ್ಬ ಗುತ್ತಿಗೆದಾರ, ಅದನ್ನೇ ಮತ್ತೆ ನೆಡಲು ಇನ್ನೊಬ್ಬ ಗುತ್ತಿಗೆದಾರ ಎಂದಾದರೆ ಕೊಲ್ಲಿಗೆ ಏನೂ ದಕ್ಕುವುದಿಲ್ಲ. ನಮ್ಮ ಕೋರಿಕೆ ಇಷ್ಟೇ: ಇರುವ ಹುಲ್ಲನ್ನು ಮುಟ್ಟಬೇಡಿ, ಕೊಲ್ಲಿಗೆ ಬರುವ ಕೊಳಚೆಯನ್ನು ತಡೆಯಿರಿ, ತಳವನ್ನು ಉಜ್ಜುವ ಸರಪಳಿಗಳನ್ನು ಎತ್ತಿಸಿ. ನೆಡುವ ಮಾತು ಅದಾದ ಮೇಲೆ.

ಕಡಲಹುಲ್ಲು ಪಾಚಿಯ ಜಾತಿಯದಲ್ಲ. ಬೇರು, ಮರಳಿನೊಳಗೆ ಅಡ್ಡಡ್ಡ ಹರಿಯುವ ಕಾಂಡ, ಎಲೆ, ಹೂವು, ಬೀಜ ಎಲ್ಲವೂ ಇರುವ ಸಸ್ಯ ಅದು. ಬಹುತೇಕ ಪ್ರಭೇದಗಳಲ್ಲಿ ಪರಾಗಸ್ಪರ್ಶವೂ ನೀರಿನೊಳಗೇ ನಡೆಯುತ್ತದೆ. ಜಗತ್ತಿನಲ್ಲಿ ಇದರ ಸುಮಾರು 70 ಪ್ರಭೇದಗಳಿವೆ. ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳ ಅಂಚಿನಲ್ಲೂ ಬೆಳೆಯುತ್ತವೆ. ಎಲೆಗಳು ಅಲೆಯ ವೇಗವನ್ನು ತಗ್ಗಿಸುತ್ತವೆ, ಕಾಂಡ ಮತ್ತು ಬೇರು ಮರಳನ್ನು ಹಿಡಿದಿಡುತ್ತವೆ. ಸೀಗಡಿ, ಏಡಿ, ಮರಿಮೀನುಗಳು ದೊಡ್ಡ ಮೀನಿನ ಕಣ್ಣಿಗೆ ಬೀಳದೆ ಬೆಳೆಯುವುದು ಈ ಎಲೆಗಳ ನಡುವೆಯೇ. ನಮ್ಮಲ್ಲಿ ಬಲೆ ಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕರಡು ಸಿದ್ಧಪಡಿಸಿದವರು ಅವರಲ್ಲಿ ಯಾರನ್ನೂ ಕೇಳಿದಂತೆ ಕಾಣುವುದಿಲ್ಲ.

ಈ ಸಸ್ಯಕ್ಕೆ ಬೆಳಕು ಹೆಚ್ಚು ಬೇಕು. ನೀರಿನ ಮೇಲ್ಮೈಗೆ ಬಿದ್ದ ಬೆಳಕಿನಲ್ಲಿ ಸರಾಸರಿ ಶೇ 11ರಷ್ಟಾದರೂ ತಳ ಮುಟ್ಟದಿದ್ದರೆ ಕಡಲಹುಲ್ಲು ಬಾಳುವುದಿಲ್ಲ. ಕೆಲವು ಪ್ರಭೇದಗಳಿಗೆ ಇನ್ನೂ ಹೆಚ್ಚು ಬೇಕು. ತೇಲುವ ಸೂಕ್ಷ್ಮ ಪಾಚಿಗಳಿಗೆ ಶೇ 1 ಸಾಕಾಗುತ್ತದೆ. ಕೊಳಚೆ ನೀರಿನ ಜೊತೆ ಸಾರಜನಕ ಮತ್ತು ರಂಜಕ ಬಂದು ಸೇರಿದಾಗ ಮೊದಲು ಕೊಬ್ಬುವುದು ಪಾಚಿ. ಅದು ನೀರನ್ನು ಮಬ್ಬಾಗಿಸುತ್ತದೆ, ಎಲೆಗಳ ಮೇಲೂ ಹತ್ತಿ ಕೂರುತ್ತದೆ. ಹೀಗೆ ಹುಲ್ಲಿಗೆ ಸಿಗಬೇಕಾದ ಬೆಳಕು ಎರಡು ಕಡೆ ತಡೆಯಾಗುತ್ತದೆ.

ಇದನ್ನು ನೋಡಲು ತಜ್ಞರೇ ಬೇಕಿಲ್ಲ. ಇಳಿತದ ಹೊತ್ತಿನಲ್ಲಿ ಚರಂಡಿ ನೀರು ಸಮುದ್ರ ಸೇರುವ ಜಾಗದ ಪಕ್ಕಕ್ಕೆ ತಮ್ಮ ಎಂಜಿನಿಯರರು ಒಮ್ಮೆ ಬರಲಿ. ಒಂದು ಎಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಎಳೆದರೆ ಕಂದು ಲೋಳೆ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಅದು ಹೋದ ಮೇಲಷ್ಟೇ ಎಲೆಯ ಹಸಿರು ಕಾಣುತ್ತದೆ. ಬುಡದ ಮಣ್ಣನ್ನು ಸ್ವಲ್ಪ ಕೆದಕಿದರೆ ಕರಿ ಕೆಸರು ಮೇಲೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಆರೋಗ್ಯವಾಗಿರುವ ಹುಲ್ಲು ಎಲೆಯಲ್ಲಿ ತಯಾರಾದ ಆಮ್ಲಜನಕವನ್ನು ಬೇರಿಗೆ ಇಳಿಸಿ ಈ ವಿಷವನ್ನು ದೂರವಿಡುತ್ತದೆ. ಬೆಳಕು ಸಾಲದಾದಾಗ ಆಮ್ಲಜನಕ ಇಳಿಯುವುದಿಲ್ಲ, ವಿಷ ಬೇರಿನೊಳಗೆ ನುಗ್ಗುತ್ತದೆ. ಬೇರುಗಳ ನಡುವೆ ಹುದುಗಿರುವ ಲುಸಿನಿಡ್ ಎಂಬ ಚಿಪ್ಪುಜೀವಿಗಳು ಈ ವಿಷಯದಲ್ಲಿ ಹುಲ್ಲಿಗೆ ನೆರವಾಗುತ್ತವೆ. ಅವುಗಳ ಕಿವಿರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಸಲ್ಫೈಡನ್ನು ಬಳಸಿ ಬದುಕುತ್ತವೆ. ಕಳೆ ತೆಗೆಯುವ ಯಂತ್ರ ತಳವನ್ನು ಬಾಚಿದರೆ ಹುಲ್ಲಿನ ಜೊತೆ ಈ ಚಿಪ್ಪುಗಳೂ ಎದ್ದು ಬರುತ್ತವೆ. ಮರುವರ್ಷ ಅಲ್ಲಿ ಏನನ್ನೇ ನೆಟ್ಟರೂ ಅದು ಬೇರೂರಬೇಕಾದ್ದು ವಿಷದ ಕೆಸರಿನಲ್ಲಿ.

ನೆಡುವ ಕಾರ್ಯಕ್ರಮವನ್ನು ನಾವು ವಿರೋಧಿಸುತ್ತಿಲ್ಲ, ಅದರ ಸರದಿಯನ್ನು ವಿರೋಧಿಸುತ್ತಿದ್ದೇವೆ. ಅತಿಥಿಗಳು ಮೊಣಕಾಲುದ್ದ ನೀರಿಗಿಳಿದು ಸಸಿ ಊರಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಆರು ತಿಂಗಳ ನಂತರ ಆ ಸಸಿಗಳನ್ನು ಎಣಿಸಲು ಯಾರೂ ಬರುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಜಾಗತಿಕ ವಿಶ್ಲೇಷಣೆ ಕಡಲಹುಲ್ಲು ಮರುಸ್ಥಾಪನೆಯ 1,786 ಪ್ರಯೋಗಗಳನ್ನು ಪರಿಶೀಲಿಸಿತು. ಬದುಕುಳಿದ ಪ್ರಮಾಣ ಒಟ್ಟಾರೆ ಶೇ 37ರಷ್ಟು. ನಾಶಕ್ಕೆ ಕಾರಣವಾದದ್ದನ್ನು ಮೊದಲು ನಿವಾರಿಸಿದ ಕಡೆ, ಹತ್ತಿರದಲ್ಲೇ ಹಳೆಯ ಹಾಸು ಉಳಿದಿದ್ದ ಕಡೆ, ದೊಡ್ಡ ಪ್ರಮಾಣದಲ್ಲಿ ನೆಟ್ಟ ಕಡೆ ಫಲಿತಾಂಶ ಚೆನ್ನಾಗಿತ್ತು. ಕೊಳಚೆ ತಡೆಯದೆ, ಇರುವ ಹಾಸನ್ನೂ ಕಿತ್ತು ನೆಡುವ ಕರಡಿನ ಸಣ್ಣ ಪ್ರದರ್ಶನ ತಾಕುಗಳು ಈ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಎಲ್ಲರೂ ಉದಾಹರಿಸುವ ಅಮೆರಿಕದ ವರ್ಜೀನಿಯಾದ ಯಶಸ್ಸು ಕರಡಿನಲ್ಲೂ ಉಲ್ಲೇಖವಾಗಿದೆ. ಅದನ್ನು ಪೂರ್ತಿಯಾಗಿ ಓದಬೇಕು. 1930ರ ದಶಕದಲ್ಲಿ ಉತ್ತರ ಅಟ್ಲಾಂಟಿಕ್ ತೀರಗಳ ಈಲ್‌ಗ್ರಾಸ್ ಎಂಬ ಹುಲ್ಲಿಗೆ ರೋಗ ತಗುಲಿತು. ವರ್ಜೀನಿಯಾದ ಹೊರಕೊಲ್ಲಿಗಳಲ್ಲಿ ಅದರ ಮೇಲೆ 1933ರ ಚಂಡಮಾರುತವೂ ಬಡಿಯಿತು. ಹುಲ್ಲು ಸಂಪೂರ್ಣ ಅಳಿದು ದಶಕಗಟ್ಟಲೆ ಮರಳಲಿಲ್ಲ. 1999ರಿಂದ ಸುಮಾರು ಎರಡು ದಶಕ ವಿಜ್ಞಾನಿಗಳು ಮತ್ತು ಸ್ವಯಂಸೇವಕರು ಸೇರಿ 7 ಕೋಟಿಗೂ ಹೆಚ್ಚು ಬೀಜಗಳನ್ನು ಎರಚಿದರು. ಇಂದು ಅಲ್ಲಿ ಸುಮಾರು 3,600 ಹೆಕ್ಟೇರ್ ಹಾಸು ಇದೆ. ಅಲ್ಲಿ ಹುಲ್ಲು ಬೆಳೆಯಲು ಬೇಕಾದಷ್ಟು ತಿಳಿನೀರು ಇತ್ತು, ಬೀಜ ಬಂದು ಬೀಳುವ ದಾರಿ ಮಾತ್ರ ಕಡಿದುಹೋಗಿತ್ತು. ನಮ್ಮ ಕೊಲ್ಲಿಯ ಸ್ಥಿತಿ ಇದಕ್ಕೆ ತಿರುಗುಮುರುಗು. ಇಲ್ಲಿ ಬೀಜ ಕೊಡುವ ಹಾಸು ಇನ್ನೂ ಇದೆ, ನೀರೇ ತಿಳಿಯಾಗಿಲ್ಲ.

ಆದ್ದರಿಂದ ನಾವು ಮಾದರಿಯಾಗಿ ತೋರಿಸುವುದು ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯನ್ನು. ಅಲ್ಲಿ ಸರಿಯಾಗಿ ಸಂಸ್ಕರಿಸದ ಕೊಳಚೆಯಿಂದ ಹುಲ್ಲು ಸುಮಾರು ಅರ್ಧದಷ್ಟು ನಾಶವಾಗಿತ್ತು. 1970ರ ದಶಕದ ಕೊನೆಯಲ್ಲಿ ನಗರದ ಸಂಸ್ಕರಣಾ ಘಟಕವನ್ನು ಸಾರಜನಕ ತೆಗೆಯುವ ಮಟ್ಟಕ್ಕೆ ಏರಿಸಿದರು, ನಂತರ ಇತರ ಮೂಲಗಳಿಗೂ ಕಡಿವಾಣ ಬಿತ್ತು. ಜನಸಂಖ್ಯೆ ಏರುತ್ತಲೇ ಇದ್ದರೂ ಹುಲ್ಲು ಬಹುಪಾಲು ತಾನಾಗಿಯೇ ಮರಳಿ, 2014ರ ಸಮೀಕ್ಷೆಯ ಹೊತ್ತಿಗೆ 1950ರ ದಶಕದ ವಿಸ್ತಾರವನ್ನು ಆಧರಿಸಿ ಇಟ್ಟುಕೊಂಡಿದ್ದ ಗುರಿಯನ್ನೂ ದಾಟಿತು. 2016ರ ನಂತರ ಅಲ್ಲಿ ಮತ್ತೆ ಇಳಿಕೆ ಕಂಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಒಮ್ಮೆ ಘಟಕ ಕಟ್ಟಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ನೆಡುವಿಕೆಗೆ ಇಟ್ಟ ಹಣವನ್ನು ಮೊದಲ ಹಂತದಲ್ಲಿ ಒಳಚರಂಡಿಯ ಸೋರಿಕೆ ನಿಲ್ಲಿಸಲು ಮತ್ತು ಮಳೆಗಾಲದಲ್ಲಿ ಉಕ್ಕಿ ಹರಿಯುವ ಕೊಳಚೆಯನ್ನು ತಡೆಯಲು ವರ್ಗಾಯಿಸಬೇಕೆಂದು ಕೋರುತ್ತೇವೆ. ಸಂಸ್ಕರಣಾ ಘಟಕದಿಂದ ಹೊರಬರುವ ನೀರಿನ ಸಾರಜನಕದ ಪ್ರಮಾಣವನ್ನು ತಿಂಗಳಿಗೊಮ್ಮೆ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿ.

ಸಾರ್ವಜನಿಕ ಆರೋಗ್ಯದ ಕಾರಣವೂ ಇದೆ. ಇಂಡೋನೇಷ್ಯಾದ ಕೆಲವು ದ್ವೀಪಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಲಹುಲ್ಲು ಇದ್ದ ಕಡೆ ಕೊಳಚೆಯಿಂದ ಬರುವ ಎಂಟರೊಕಾಕಸ್ ಬ್ಯಾಕ್ಟೀರಿಯಾದ ಪ್ರಮಾಣ ಹುಲ್ಲಿಲ್ಲದ ಕಡೆಯದರ ಸುಮಾರು ಮೂರನೇ ಒಂದು ಭಾಗದಷ್ಟಿತ್ತು. ಈಜುವವರ ಹಿತಕ್ಕಾಗಿ ಹುಲ್ಲು ಕೀಳುವ ಮೊದಲು ಇದನ್ನು ಗಮನಿಸಿ.

ಇನ್ನು ದೋಣಿಗಳ ವಿಷಯ. ದೋಣಿ ಕಟ್ಟಲು ತಳದಲ್ಲಿ ಕಾಂಕ್ರೀಟ್ ದಿಮ್ಮಿ ಇಳಿಸಿ, ಅದರಿಂದ ಉದ್ದದ ಕಬ್ಬಿಣದ ಸರಪಳಿಯನ್ನು ಮೇಲಿನ ತೇಲುಬುರುಡೆಗೆ ಬಿಗಿಯಲಾಗಿದೆ. ಗಾಳಿ ದಿಕ್ಕು ಬದಲಿಸಿದಂತೆ, ಭರತ ಇಳಿತ ತಿರುಗಿದಂತೆ ದೋಣಿ ಸುತ್ತುತ್ತದೆ. ತಳಕ್ಕೆ ಬಿದ್ದಿರುವ ಸರಪಳಿ ಗಾಣದ ಎತ್ತಿನ ಹಾಗೆ ಅದೇ ವೃತ್ತದಲ್ಲಿ ಸುತ್ತಿ ಹುಲ್ಲನ್ನು ಬೇರುಸಮೇತ ತೇಯುತ್ತದೆ. ನೀರು ತಿಳಿಯಾಗಿರುವ ದಿನ ಮೇಲಿನಿಂದಲೇ ಆ ಬೋಳು ವೃತ್ತಗಳು ಕಾಣುತ್ತವೆ. ನಮ್ಮಲ್ಲಷ್ಟೇ ಅಲ್ಲ, ಪಶ್ಚಿಮ ಆಸ್ಟ್ರೇಲಿಯಾದ ರಾಟ್‌ನೆಸ್ಟ್ ದ್ವೀಪದಲ್ಲೂ ಇಂಥ ವೃತ್ತಗಳು ದಶಕಗಳ ಹಿಂದೆಯೇ ದಾಖಲಾಗಿವೆ. ಪರಿಹಾರ ಕಷ್ಟದ್ದೇನಲ್ಲ: ದಿಮ್ಮಿಯ ಬದಲು ತಳಕ್ಕೆ ತಿರುಪಿ ಕೂರಿಸುವ ಲಂಗರು, ಸರಪಳಿಯ ಬದಲು ಹಿಗ್ಗುವ ಹಗ್ಗ, ಹಗ್ಗ ತಳ ಮುಟ್ಟದಂತೆ ನಡುವೆ ಒಂದು ತೇಲುಬುರುಡೆ. ದೋಣಿ ಮಾಲೀಕರು ಈ ಮನವಿಗೆ ಸಹಿ ಹಾಕಿದ್ದಾರೆ. ಅವರ ಷರತ್ತು ಒಂದೇ, ಅದು ನ್ಯಾಯವಾದದ್ದೂ ಹೌದು: ದಂಡದ ಆದೇಶ ಹೊರಡಿಸುವ ಮೊದಲು ಹೊಸ ಕಟ್ಟುತಾಣಗಳನ್ನು ಮಂಡಳಿಯೇ ಹಾಕಿಸಿಕೊಡಬೇಕು. ಸಣ್ಣ ದೋಣಿಯವನ ಮೇಲೆ ಖರ್ಚು ಹೊರಿಸಿ, ಹೊರಗಿನಿಂದ ಬಂದು ಎಲ್ಲೆಂದರಲ್ಲಿ ಲಂಗರು ಬಿಡುವ ವಿಹಾರ ನೌಕೆಗಳನ್ನು ಸುಮ್ಮನೆ ಬಿಡುವುದಾದರೆ ಯಾರೂ ಒಪ್ಪುವುದಿಲ್ಲ. ಸ್ಪೇನಿನ ಬ್ಯಾಲೆರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಮೇಲೆ ಲಂಗರು ಬಿಡುವುದನ್ನು ಆದೇಶದ ಮೂಲಕವೇ ನಿಷೇಧಿಸಿದೆ. ಆ ಹುಲ್ಲು ಅಡ್ಡಕ್ಕೆ ಹರಡುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಒಂದು ದೊಡ್ಡ ಲಂಗರು ನಿಮಿಷದಲ್ಲಿ ಕಿತ್ತದ್ದು ತುಂಬಿಕೊಳ್ಳಲು ಒಂದು ತಲೆಮಾರು ಸಾಲದೆ ಹೋಗಬಹುದು.

ದಡಕ್ಕೆ ಬಂದು ಬೀಳುವ ಒಣ ಎಲೆಯ ರಾಶಿಯನ್ನು ವರ್ಷಪೂರ್ತಿ ಯಂತ್ರದಿಂದ ಬಾಚಿಸುವುದನ್ನು ಸಹ ನಿಲ್ಲಿಸಿ. ಆ ರಾಶಿ ಬಿರುಗಾಳಿಯ ಅಲೆಯಿಂದ ಮರಳನ್ನು ಕಾಯುತ್ತದೆ, ಯಂತ್ರ ಎಲೆಯ ಜೊತೆ ಮರಳನ್ನೂ ಲಾರಿಗೆ ತುಂಬುತ್ತದೆ. ಪ್ಲಾಸ್ಟಿಕ್ಕನ್ನು ಕೈಯಿಂದ ಹೆಕ್ಕಿಸಿದರೆ ಸಾಕು.

ಹೂಳೆತ್ತುವುದು ಅನಿವಾರ್ಯವಾದರೆ ಹಾಸಿನ ಅಂಚಿನಿಂದ ದೂರವಿರಲಿ, ಕೆಸರು ಹರಡದಂತೆ ಪರದೆ ಇರಲಿ, ನೀರಿನ ಕಲಕು ನಿಗದಿತ ಮಿತಿ ಮೀರಿದ ಕೂಡಲೇ ಯಂತ್ರ ನಿಲ್ಲಿಸುವ ಷರತ್ತು ಗುತ್ತಿಗೆಯಲ್ಲೇ ಇರಲಿ. ಬೀಜ ಬಲಿಯುವ ಮತ್ತು ಮೊಳೆಯುವ ತಿಂಗಳುಗಳಲ್ಲಿ ಕೆಲಸವೇ ಬೇಡ.

ಕಡಲಹುಲ್ಲಿನ ಇಂಗಾಲ ಸಂಗ್ರಹವನ್ನು ಲೆಕ್ಕ ಹಾಕಿ ಹೊರಗಿನಿಂದ ಹಣ ತರಬಹುದೆಂಬ ಮಾತು ಕರಡಿನಲ್ಲಿದೆ. ಆಗಲಿ. ಜಗತ್ತಿನ ಸಾಗರತಳದಲ್ಲಿ ಶೇ 0.2ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಈ ಹಾಸುಗಳು ಸಾಗರದಲ್ಲಿ ವರ್ಷವರ್ಷ ಹೂತುಹೋಗುವ ಇಂಗಾಲದ ಸುಮಾರು ಶೇ 10ಕ್ಕೆ ಕಾರಣವೆಂದು ಅಂದಾಜಿದೆ. ಆದರೆ ಆ ಇಂಗಾಲದ ಬಹುಪಾಲು ಇರುವುದು ಎಲೆಯಲ್ಲಲ್ಲ, ಬುಡದ ಹಳೆಯ ಕೆಸರಿನಲ್ಲಿ. 2010-11ರಲ್ಲಿ ಕಡಲ ನೀರು ಅತಿಯಾಗಿ ಬಿಸಿಯಾಗಿ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಹುಲ್ಲು ಮೂರನೇ ಒಂದು ಭಾಗಕ್ಕೂ ಹೆಚ್ಚು ಹಾಳಾದಾಗ, ಮುಂದಿನ ಮೂರು ವರ್ಷಗಳಲ್ಲಿ 20 ಲಕ್ಷದಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಂದಿರಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಳೆಯ ಹಾಸನ್ನು ಕಿತ್ತು ಹೊಸದನ್ನು ನೆಟ್ಟು ಲಾಭ ತೋರಿಸಿದರೆ ಆ ಲೆಕ್ಕ ಸುಳ್ಳಾಗುತ್ತದೆ. ಬಿಸಿಯಾಗುತ್ತಿರುವ ಕಡಲನ್ನು ಸ್ಥಳೀಯ ಮಂಡಳಿ ತಣಿಸಲಾರದು, ನಿಜ. ಚರಂಡಿ ಮತ್ತು ಸರಪಳಿ ಮಾತ್ರ ತಮ್ಮ ಕೈಯಲ್ಲೇ ಇವೆ.

ಇಷ್ಟಕ್ಕೆಲ್ಲ ಒಂದು ನಕ್ಷೆ ಬೇಕು. ಹಾಸು ಎಲ್ಲಿಂದ ಎಲ್ಲಿಯವರೆಗೆ ಇದೆ, ಆಳದ ಕಡೆಯ ಅಂಚು ಎಷ್ಟು ನೀರಿನಲ್ಲಿ ನಿಂತಿದೆ ಎಂಬುದೇ ಗೊತ್ತಿಲ್ಲದೆ ಕಾಮಗಾರಿಯ ಗಡಿ ಎಳೆಯಲಾಗಿದೆ. ನೀರು ಕೆಟ್ಟಂತೆ ಆ ಅಂಚು ದಡದತ್ತ ಸರಿಯುತ್ತದೆ, ಸುಧಾರಿಸಿದಂತೆ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಬೇರೆಲ್ಲ ವರದಿಗಳಿಗಿಂತ ಅದನ್ನು ಅಳೆಯುವುದು ಮುಖ್ಯ. ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಕಣ್ಮರೆಯಾಗುವ ಆಳವನ್ನು ಬರೆದಿಡುವ ಕೆಲಸವನ್ನು ನಮ್ಮ ಮೀನುಗಾರರು ಸಂಬಳವಿಲ್ಲದೆ ಮಾಡಿಕೊಡುತ್ತಾರೆ. ಅಳತೆಯ ವಿಧಾನವನ್ನು ತಿಳಿದವರಿಂದ ಹೇಳಿಕೊಡಿಸುವ ಮತ್ತು ದಾಖಲೆ ಇಡುವ ಹೊಣೆ ಮಂಡಳಿಯದಾಗಲಿ. ಎರಡು ವರ್ಷ ನೀರಿನ ಸುಧಾರಣೆ ಅಳತೆಯಲ್ಲಿ ಕಂಡ ಮೇಲೂ ಬೋಳು ಜಾಗಗಳು ತುಂಬದಿದ್ದರೆ, ಆಗ ಇದೇ ಕೊಲ್ಲಿಯ ಹಾಸಿನಿಂದ ಬೀಜ ಆಯ್ದು ಬಿತ್ತೋಣ. ಆ ದಿನ ನೀರಿಗಿಳಿಯಲು ನಾವೇ ಮೊದಲು ಬರುತ್ತೇವೆ.

ಕಳೆ ತೆರವಿನ ಟೆಂಡರನ್ನು ಕೂಡಲೇ ತಡೆಹಿಡಿದು, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಮನವಿಯನ್ನು ಸೇರಿಸಬೇಕೆಂದೂ, ಸಭೆಯಲ್ಲಿ ಮೀನುಗಾರರ ಮತ್ತು ದೋಣಿ ಮಾಲೀಕರ ಪ್ರತಿನಿಧಿಗಳಿಗೆ ಮಾತನಾಡಲು ಅವಕಾಶ ನೀಡಬೇಕೆಂದೂ, ಕೈಗೊಂಡ ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಕೊಲ್ಲಿಯ ದಡದ ನಿವಾಸಿಗಳು, ಮೀನುಗಾರರು ಮತ್ತು ದೋಣಿ ಮಾಲೀಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ ಮತ್ತು ಪರಿಸರ ಇಲಾಖೆಯ ಅಧಿಕಾರಿಗಳಿಗೆ, ಸೂಕ್ತ ಕ್ರಮಕ್ಕಾಗಿ.